ಪ್ರಯೋಗಶಾಲೆಯ ಬರ್ನರ್ ಮಸಿ ಕಾರುವುದೇಕೆ?

ಪ್ರಶ್ನೆ: ನಾನು ವಿಜಯಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಬೆಳಗಾವಿಯ ಹಳೆಯ ಕಾಲೇಜೊಂದು ತನ್ನ ರಸಾಯನಶಾಸ್ತ್ರ ಪ್ರಯೋಗಶಾಲೆಯನ್ನು ನವೀಕರಿಸುವಾಗ ಎಂಟು ಬುನ್ಸೆನ್ ಬರ್ನರ್‌ಗಳನ್ನು ನಮ್ಮ ಶಾಲೆಗೆ ಕೊಟ್ಟಿತು. ಎಲ್‌ಪಿಜಿ ಸಿಲಿಂಡರ್‌ಗೆ ಜೋಡಿಸಿ ನೋಡಿದಾಗ, ಆರು ಬರ್ನರ್‌ಗಳು ಗಾಳಿಕಿಂಡಿಯನ್ನು ಪೂರ್ತಿ ತೆರೆದರೂ ಹಳದಿಯಾಗಿಯೇ ಉರಿದು ಬೀಕರಿನ ತಳಕ್ಕೆ ಮಸಿ ಹಿಡಿಸುತ್ತವೆ. ಟ್ಯಾಪ್ ತಗ್ಗಿಸಿದರೂ ಗುಣವಿಲ್ಲ. ಉಳಿದ ಎರಡರಲ್ಲಿ ಜ್ವಾಲೆ ‘ಪಟ್’ ಎಂದು ಕೊಳವೆಯೊಳಗೆ ಇಳಿದುಬಿಡುತ್ತದೆ. ನೀರು ಕುದಿಸಿದರೆ ಥರ್ಮಾಮೀಟರ್ 98 ಡಿಗ್ರಿಯ ಮೇಲೆ ಏರುವುದಿಲ್ಲ. ಇವುಗಳನ್ನು ಬಿಟ್ಟು ಸ್ಪಿರಿಟ್ ದೀಪಗಳಿಗೇ ಮರಳಬೇಕೇ? ಬಿಸಿಯೂಟದ ಸಿಲಿಂಡರನ್ನೇ ಪ್ರಯೋಗಶಾಲೆಗೂ ಬಳಸಬಹುದೇ?

ಉತ್ತರ: ತಮ್ಮ ಬರ್ನರ್‌ಗಳು ಕೆಟ್ಟಿಲ್ಲ, ಅವು ಬೇರೆ ಅನಿಲಕ್ಕಾಗಿ ತಯಾರಾದವು. ಆರು ಬರ್ನರ್‌ಗಳು ಮಸಿ ಕಾರುವುದಕ್ಕೂ ಎರಡರಲ್ಲಿ ಜ್ವಾಲೆ ಒಳಗಿಳಿಯುವುದಕ್ಕೂ ಕಾರಣವನ್ನು ಒಂದೇ ಜಾಗದಲ್ಲಿ, ಅಂದರೆ ಕೊಳವೆಯ ಬುಡದಲ್ಲಿ ಅಡಗಿರುವ ಹಿತ್ತಾಳೆಯ ಪುಟ್ಟ ಜೆಟ್ಟಿನಲ್ಲಿ ಹುಡುಕಬೇಕು. ನೀರು 98 ಡಿಗ್ರಿಯಲ್ಲಿ ನಿಲ್ಲುವುದು ಬರ್ನರಿಗೆ ಸಂಬಂಧಿಸಿದ ವಿಷಯವೇ ಅಲ್ಲ. ಅದನ್ನು ಮುಂದೆ ವಿವರಿಸುತ್ತೇನೆ. ಬಿಸಿಯೂಟದ ಸಿಲಿಂಡರನ್ನಂತೂ ಪ್ರಯೋಗಶಾಲೆಗೆ ತರಬೇಡಿ.

ಬುನ್ಸೆನ್ ಬರ್ನರಿನಲ್ಲಿ ಗಾಳಿಯನ್ನು ಒಳಕ್ಕೆ ತಳ್ಳುವ ಯಂತ್ರ ಯಾವುದೂ ಇಲ್ಲ. ಜೆಟ್ಟಿನ ಸಣ್ಣ ತೂತಿನಿಂದ ವೇಗವಾಗಿ ಹೊಮ್ಮುವ ಅನಿಲವೇ ತನ್ನ ಸುತ್ತಲಿನ ಗಾಳಿಯನ್ನು ಕಿಂಡಿಗಳ ಮೂಲಕ ಸೆಳೆದುಕೊಂಡು, ಕೊಳವೆಯಲ್ಲಿ ಮೇಲೇರುತ್ತಾ ಅದರೊಡನೆ ಬೆರೆಯುತ್ತದೆ; ಬೆರೆತ ಮಿಶ್ರಣ ಕೊಳವೆಯ ಬಾಯಲ್ಲಿ ಉರಿಯುತ್ತದೆ. ಮನೆಯ ಗ್ಯಾಸ್ ಒಲೆಯೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಹೀಗೆ ಸೆಳೆಯಲ್ಪಡುವ ಗಾಳಿಯ ಪ್ರಮಾಣವನ್ನು ನಿರ್ಧರಿಸುವುದು ಹೆಚ್ಚಾಗಿ ಎರಡು ಅಳತೆಗಳು: ಜೆಟ್ಟಿನ ತೂತು ಎಷ್ಟು ಸಣ್ಣದು, ಮತ್ತು ಅದರ ಮೇಲಿನ ಕೊಳವೆ ಎಷ್ಟು ಅಗಲ. ಕೊಳವೆಯ ಅಗಲ ಅಷ್ಟೇ ಇದ್ದು ಜೆಟ್ಟಿನ ತೂತು ದೊಡ್ಡದಾದಂತೆ ಪ್ರತಿಯೊಂದು ಪಾಲು ಅನಿಲಕ್ಕೆ ಸಿಗುವ ಗಾಳಿಯ ಪಾಲು ಕಡಿಮೆಯಾಗುತ್ತದೆ. ಗಾಳಿಕಿಂಡಿಯ ಸುತ್ತ ತಿರುಗುವ ಪಟ್ಟಿ ಈ ಪಾಲನ್ನು ಕಡಿಮೆ ಮಾಡಬಲ್ಲದೇ ಹೊರತು, ಜೆಟ್ ಮತ್ತು ಕೊಳವೆ ಸೇರಿ ಹಾಕಿರುವ ಮಿತಿಯನ್ನು ದಾಟಿಸಲಾರದು. ಪಟ್ಟಿಯನ್ನು ಪೂರ್ತಿ ತೆರೆದ ಮೇಲೂ ಜ್ವಾಲೆ ಹಳದಿಯಾಗಿದೆ ಎಂದರೆ ಆ ಮಿತಿಯೇ ತಮ್ಮ ಅನಿಲಕ್ಕೆ ಸಾಲುತ್ತಿಲ್ಲ ಎಂದರ್ಥ.

ಅನಿಲದಿಂದ ಅನಿಲಕ್ಕೆ ಬೇಕಾಗುವ ಗಾಳಿ ಬಹಳ ವ್ಯತ್ಯಾಸವಾಗುತ್ತದೆ. ಕಲ್ಲಿದ್ದಲಿನಿಂದ ತೆಗೆಯುತ್ತಿದ್ದ ಹಳೆಯ ಕಾಲದ ನಗರ ಅನಿಲದ ಒಂದು ಪಾಲು ಪೂರ್ಣವಾಗಿ ಉರಿಯಲು ನಾಲ್ಕೈದು ಪಾಲು ಗಾಳಿ ಸಾಕಾಗುತ್ತಿತ್ತು. ಮೀಥೇನಿಗೆ, ಎಂದರೆ ಇಂದಿನ ಕೊಳವೆ ಅನಿಲದ ಮುಖ್ಯ ಘಟಕಕ್ಕೆ, ಸುಮಾರು ಒಂಬತ್ತೂವರೆ ಪಾಲು ಬೇಕು. ಎಲ್‌ಪಿಜಿಯಲ್ಲಿರುವ ಪ್ರೊಪೇನಿಗೆ ಸುಮಾರು 24 ಪಾಲು, ಬ್ಯುಟೇನಿಗೆ ಸುಮಾರು 31 ಪಾಲು ಬೇಕು. ಶಾಖದ ಲೆಕ್ಕವೂ ಹೀಗೆಯೇ ಇದೆ: ಒಂದು ಘನ ಮೀಟರ್ ಕಲ್ಲಿದ್ದಲ ಅನಿಲ ಸುಮಾರು 20 ಮೆಗಾಜೂಲ್ ಶಾಖ ಕೊಟ್ಟರೆ, ನೈಸರ್ಗಿಕ ಅನಿಲ 38ರ ಆಸುಪಾಸು ಕೊಡುತ್ತದೆ, ಎಲ್‌ಪಿಜಿ 90ರಿಂದ 120ರವರೆಗೆ ಕೊಡುತ್ತದೆ. ಬಡಕಲು ಅನಿಲಕ್ಕೆ ದೊಡ್ಡ ತೂತು ಬೇಕು. ಎಲ್‌ಪಿಜಿಯಂಥ ಕಸುವುಳ್ಳ ಅನಿಲಕ್ಕೆ ಅತಿ ಸಣ್ಣ ತೂತು ಬೇಕು.

ಈಗ ತಮ್ಮ ಬರ್ನರ್‌ಗಳ ಪೂರ್ವಾಪರವನ್ನು ಊಹಿಸುವುದು ಕಷ್ಟವಲ್ಲ. ಎಲ್‌ಪಿಜಿ ಸುಲಭವಾಗಿ ಸಿಗುವ ಮೊದಲು ನಮ್ಮ ದೇಶದ ಅನೇಕ ಕಾಲೇಜುಗಳು ಪ್ರಯೋಗಶಾಲೆಯ ಹಿಂಬದಿಯಲ್ಲಿ ತಮ್ಮದೇ ‘ಗ್ಯಾಸ್ ಪ್ಲಾಂಟ್’ ಇಟ್ಟುಕೊಂಡಿರುತ್ತಿದ್ದವು. ಕೆಂಪಗೆ ಕಾದ ಕಬ್ಬಿಣದ ಪಾತ್ರೆಯೊಳಗೆ ಸೀಮೆಎಣ್ಣೆಯನ್ನು ಹನಿಹನಿಯಾಗಿ ಬಿಟ್ಟರೆ ಅದು ಒಡೆದು ಅನಿಲವಾಗುತ್ತಿತ್ತು. ಆ ಅನಿಲವನ್ನು ನೀರಿನ ತೊಟ್ಟಿಯಲ್ಲಿ ಬೋರಲಾಗಿ ತೇಲುವ ದೊಡ್ಡ ಡ್ರಮ್ಮಿನಲ್ಲಿ ತುಂಬಿಟ್ಟು, ಡ್ರಮ್ಮಿನ ಭಾರದ ಒತ್ತಡದಿಂದಲೇ ಮೇಜುಗಳಿಗೆ ಹರಿಸುತ್ತಿದ್ದರು. ಆ ಒತ್ತಡ ಕೆಲವೇ ಇಂಚು ನೀರಿನ ಮಟ್ಟದಷ್ಟು. ಮನೆಬಳಕೆಯ ಎಲ್‌ಪಿಜಿ ರೆಗ್ಯುಲೇಟರ್ ಕೊಡುವುದು 30 ಮಿಲಿಬಾರ್, ಎಂದರೆ ಸುಮಾರು 12 ಇಂಚು ನೀರಿನ ಮಟ್ಟದ ಒತ್ತಡ. ಕಡಿಮೆ ಒತ್ತಡಕ್ಕೆಂದು ದೊಡ್ಡ ತೂತಿಟ್ಟ ಬರ್ನರಿಗೆ ಹೆಚ್ಚಿನ ಒತ್ತಡದಲ್ಲಿ ಹೆಚ್ಚು ಕಸುವಿನ ಅನಿಲವನ್ನು ಬಿಟ್ಟಾಗ ಅದು ಉದ್ದನೆಯ, ಹಳದಿಯ, ಹೊಗೆಯಾಡುವ ಜ್ವಾಲೆಯನ್ನಲ್ಲದೆ ಬೇರೇನನ್ನೂ ಕೊಡಲಾರದು.

ಟ್ಯಾಪ್ ತಗ್ಗಿಸಿದರೂ ಗುಣವಿಲ್ಲ ಎಂದು ತಾವು ಬರೆದಿರುವುದು ಬಹಳ ಉಪಯುಕ್ತವಾದ ಸುಳಿವು. ಟ್ಯಾಪನ್ನು ತಗ್ಗಿಸಿದಾಗ ಜೆಟ್ಟಿನಿಂದ ಬರುವ ಅನಿಲ ಕಡಿಮೆಯಾಗುತ್ತದೆ, ನಿಜ. ಆದರೆ ಅದರ ವೇಗವೂ ಕುಗ್ಗುವುದರಿಂದ ಅದು ಸೆಳೆದುಕೊಳ್ಳುವ ಗಾಳಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ದೊಡ್ಡ ಹಳದಿ ಜ್ವಾಲೆ ಸಣ್ಣ ಹಳದಿ ಜ್ವಾಲೆಯಾಗುತ್ತದೆ, ಅಷ್ಟೇ. ಟ್ಯಾಪು ತಪ್ಪಿತಸ್ಥನಲ್ಲ, ಗಾಳಿಪಟ್ಟಿಯೂ ತಪ್ಪಿತಸ್ಥನಲ್ಲ ಎಂದು ಈ ಒಂದು ಪರೀಕ್ಷೆಯಿಂದಲೇ ತೀರ್ಮಾನಿಸಬಹುದು.

ಹಳದಿ ಜ್ವಾಲೆ ಬರೀ ಕಣ್ಣಿಗೆ ಕಾಣುವ ದೋಷವಲ್ಲ. ಗಾಳಿ ಸಾಲದೆ ಹೋದಾಗ ಅನಿಲದಲ್ಲಿನ ಇಂಗಾಲ ಅತಿ ಸಣ್ಣ ಕಣಗಳಾಗಿ ಬೇರ್ಪಡುತ್ತದೆ. ಆ ಕಣಗಳು ಕಾದು ಬೆಳಗುವುದೇ ಹಳದಿ ಬೆಳಕು, ತಣ್ಣನೆಯ ಗಾಜಿಗೆ ತಗುಲಿ ಕೂರುವುದೇ ಮಸಿ. ಅದರ ಜೊತೆಗೆ ವಿಷಕಾರಿಯಾದ ಇಂಗಾಲದ ಮಾನಾಕ್ಸೈಡ್ ಕೂಡ ಹೆಚ್ಚು ಹುಟ್ಟುತ್ತದೆ. ಎಂಟು ಬರ್ನರ್‌ಗಳನ್ನು ಒಟ್ಟಿಗೆ ಹಚ್ಚಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ನಲವತ್ತು ಮಕ್ಕಳನ್ನು ನಿಲ್ಲಿಸುವ ಮುನ್ನ ಇದನ್ನು ನೆನೆಯಬೇಕು. ಇನ್ನೊಂದು ತೊಡಕೂ ಇದೆ, ಅದು ಬರ್ನರಿನ ಹುಟ್ಟಿಗೇ ಸಂಬಂಧಿಸಿದ್ದು. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬುನ್ಸೆನ್ ಅವರ ಹೊಸ ಪ್ರಯೋಗಶಾಲೆ 1855ರಲ್ಲಿ ಸಿದ್ಧವಾಗುವ ವೇಳೆಗೆ, ಅಲ್ಲಿನ ಯಂತ್ರಕುಶಲಿ ಪೀಟರ್ ಡೆಸಾಗಾ ಅವರ ಕೈಯಲ್ಲಿ ಈ ಬರ್ನರ್ ರೂಪುಗೊಂಡಿತು. ಬುನ್ಸೆನ್ ಅವರಿಗೆ ಬೇಕಾಗಿದ್ದದ್ದು ಬಣ್ಣವೇ ಇಲ್ಲದ, ಮಸಿಯಿಲ್ಲದ ಜ್ವಾಲೆ. ಏಕೆಂದರೆ ಲವಣಗಳು ಜ್ವಾಲೆಗೆ ಕೊಡುವ ಬಣ್ಣವನ್ನು ಅವರು ನೋಡಬೇಕಾಗಿತ್ತು. ಮುಂದೆ ಗುಸ್ಟಾವ್ ಕಿರ್ಖಾಫ್ ಅವರೊಡನೆ ಸೇರಿ ಅದೇ ಜ್ವಾಲೆಯ ಬೆಳಕನ್ನು ಪಟ್ಟಕದ ಮೂಲಕ ಪರೀಕ್ಷಿಸಿ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಧಾತುಗಳನ್ನು ಕಂಡುಹಿಡಿದರು. ತಮ್ಮ ಆರು ಬರ್ನರ್‌ಗಳಲ್ಲಿ ಪೊಟ್ಯಾಸಿಯಂನ ತಿಳಿನೇರಳೆ ಛಾಯೆಯಾಗಲಿ ಬೇರಿಯಂನ ಎಳೆಹಸಿರಾಗಲಿ ಮಕ್ಕಳ ಕಣ್ಣಿಗೆ ಬೀಳುವಂತಿಲ್ಲ. ಇಂಗಾಲದ ಹಳದಿ ಎಲ್ಲವನ್ನೂ ನುಂಗಿಬಿಡುತ್ತದೆ.

ಸರಿಯಾಗಿ ಉರಿಯುವ ಬರ್ನರಿನಲ್ಲಿ ತಿಳಿನೀಲಿಯ ಒಳಶಂಕು ಮತ್ತು ಅದನ್ನು ಸುತ್ತಿದ, ಹಗಲಲ್ಲಿ ಕಾಣದಷ್ಟು ಮಸುಕಾದ ಹೊರಭಾಗ, ಎರಡೂ ಸ್ಪಷ್ಟವಾಗಿ ಬೇರೆಬೇರೆಯಾಗಿ ತೋರುತ್ತವೆ. ಒಳಶಂಕುವಿನೊಳಗೆ ಇರುವುದು ಇನ್ನೂ ಉರಿಯದ ಅನಿಲ. ಅತಿ ಹೆಚ್ಚು ಬಿಸಿ ಇರುವ ಜಾಗ ಆ ಶಂಕುವಿನ ತುದಿಗಿಂತ ತುಸು ಮೇಲೆ. ಪ್ರನಾಳವನ್ನು ಕೊಳವೆಯ ಬಾಯಿಗೇ ತಗುಲಿಸಿ ಹಿಡಿಯುವ ಅಭ್ಯಾಸ ಬಹಳ ಶಾಲೆಗಳಲ್ಲಿದೆ, ಅದರಿಂದ ಪ್ರನಾಳ ಉರಿಯದ ಅನಿಲದಲ್ಲಿ ಅದ್ದಿದಂತಾಗುತ್ತದೆಯೇ ಹೊರತು ಬೇಗ ಕಾಯುವುದಿಲ್ಲ.

ಇನ್ನು ಆ ಎರಡು ಬರ್ನರ್‌ಗಳ ವಿಷಯ. ಮಿಶ್ರಣ ಕೊಳವೆಯಲ್ಲಿ ಮೇಲೇರುವ ವೇಗಕ್ಕಿಂತ ಜ್ವಾಲೆ ಕೆಳಕ್ಕೆ ಹರಡುವ ವೇಗ ಹೆಚ್ಚಾದ ಕ್ಷಣ, ಜ್ವಾಲೆ ಬಾಯಿ ಬಿಟ್ಟು ಒಳಗಿಳಿದು ಜೆಟ್ಟಿನ ಬಳಿಯೇ ಉರಿಯತೊಡಗುತ್ತದೆ. ಒಳಗಿನಿಂದ ಸಣ್ಣ ಸಿಳ್ಳಿನಂಥ ಸದ್ದು, ವಾಸನೆ, ಬೇಗ ಕಾಯುವ ಕೊಳವೆ, ಇವು ಅದರ ಗುರುತುಗಳು. ಗಾಳಿ ಹೆಚ್ಚಾಗಿ ಅನಿಲ ಕಡಿಮೆಯಾದಾಗ ಹೀಗಾಗುತ್ತದೆ. ಅದೇ ಸಿಲಿಂಡರ್, ಅದೇ ಒತ್ತಡ, ಅದೇ ಮಾದರಿಯ ಬರ್ನರ್ ಇದ್ದೂ ಎರಡರಲ್ಲಿ ಮಾತ್ರ ಅನಿಲ ಕಡಿಮೆ ಬರುತ್ತಿದ್ದರೆ ಅವುಗಳ ಜೆಟ್ ಅರ್ಧ ಮುಚ್ಚಿಹೋಗಿರಬೇಕು. ಹಿತ್ತಾಳೆಗೆ ಹಿಡಿದ ಹಸಿರು ಕಿಲುಬು, ಹಳೆಯ ರಬ್ಬರ್ ನಳಿಗೆಯಿಂದ ಉದುರಿದ ಪುಡಿ, ಬೇಸಿಗೆ ರಜೆಯಲ್ಲಿ ಕೊಳವೆಯೊಳಗೆ ಜೇಡ ಕಟ್ಟಿದ ಬಲೆ, ಮಣ್ಣಿನ ಗೂಡು ಕಟ್ಟುವ ಕಣಜದ ಕೆಲಸ, ಇವುಗಳಲ್ಲಿ ಯಾವುದಾದರೂ ಆಗಿರಬಹುದು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಬರ್ನರ್‌ಗಳನ್ನು ಬಿಚ್ಚಿ ನೋಡದೆ ಹಚ್ಚಬಾರದು ಎನ್ನುವುದು ಇದಕ್ಕಾಗಿಯೇ. ನನ್ನ ಅಂದಾಜು ಸರಿಯಿದ್ದರೆ, ಶುಚಿ ಮಾಡಿದ ಮೇಲೆ ಈ ಎರಡು ಬರ್ನರ್‌ಗಳೂ ಉಳಿದ ಆರರಂತೆ ಹಳದಿಯಾಗಿ ಉರಿಯತೊಡಗುತ್ತವೆ. ಅದನ್ನು ಕಂಡು ಗಾಬರಿಯಾಗುವುದು ಬೇಡ.

ಜ್ವಾಲೆ ಒಳಗಿಳಿದಾಗ ಮಕ್ಕಳು ಸಹಜವಾಗಿ ಮಾಡುವುದು ಎರಡು ತಪ್ಪು: ಕೊಳವೆಯನ್ನು ಕೈಯಿಂದ ಹಿಡಿಯುವುದು, ಇಲ್ಲವೇ ಬಾಯಿಂದ ಊದುವುದು. ಮಾಡಬೇಕಾದದ್ದು ಒಂದೇ. ಮೇಜಿನ ಟ್ಯಾಪನ್ನು ಮುಚ್ಚಬೇಕು, ಕೊಳವೆ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು, ಆಮೇಲೆ ಗಾಳಿಕಿಂಡಿಯನ್ನು ಮುಚ್ಚಿ ಮತ್ತೆ ಹಚ್ಚಬೇಕು. ಹಚ್ಚುವ ಕ್ರಮವೂ ಇದೇ: ಮೊದಲು ಗಾಳಿಕಿಂಡಿ ಮುಚ್ಚಿದೆಯೇ ಎಂದು ನೋಡಿ, ಕಡ್ಡಿ ಗೀರಿ ಕೊಳವೆಯ ಬಾಯಿಯ ಪಕ್ಕಕ್ಕೆ ತಂದು, ಆಮೇಲೆ ಟ್ಯಾಪ್ ತೆರೆಯಬೇಕು. ಟ್ಯಾಪ್ ತೆರೆದಿಟ್ಟು ಕಡ್ಡಿಪೆಟ್ಟಿಗೆ ಹುಡುಕುವಂತಾಗಬಾರದು. ಹೀಗೆ ಹಚ್ಚಿದಾಗ ಮೊದಲು ಬರುವ ಹಳದಿ ಜ್ವಾಲೆ ದೋಷವಲ್ಲ, ಅದು ಬೇಕಾದದ್ದೇ. ಕೆಲಸದ ನಡುವೆ ಬರ್ನರನ್ನು ಸುಮ್ಮನೆ ಬಿಡಬೇಕಾದಾಗಲೂ ಅದನ್ನು ಹಳದಿಗೆ ತಿರುಗಿಸಿಯೇ ಬಿಡಬೇಕು. ಬಿಸಿಲು ಬಿದ್ದ ಮೇಜಿನ ಮೇಲೆ ನೀಲಿ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ, ಹುಡುಗಿಯರ ಜಡೆ, ವೇಲ್, ಹುಡುಗರ ಅಂಗಿಯ ತೋಳು ಅದರ ಮೇಲೆ ಹಾಯುವುದು ಆಗಲೇ.

ದುರಸ್ತಿಗೆ ಬರೋಣ. ಅನಿಲದ ನಳಿಗೆಯನ್ನು ಕಳಚಿ, ಬರ್ನರಿನ ಕೊಳವೆಯನ್ನು ತಿರುಚಿ ಬಿಚ್ಚಿದರೆ ಬುಡದಲ್ಲಿ ಜೆಟ್ ಕಾಣಿಸುತ್ತದೆ. 30 ಮಿಲಿಬಾರ್ ಒತ್ತಡದ ಎಲ್‌ಪಿಜಿಗೆ, ಒಂದು ಕಿಲೋವಾಟ್ ಆಸುಪಾಸಿನ ಶಾಲಾ ಬರ್ನರಿಗೆ, ತೂತಿನ ವ್ಯಾಸ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಇರಬೇಕು. ಒಂದು ಮಿಲಿಮೀಟರ್ ದಪ್ಪದ ತಂತಿ ಅದರೊಳಗೆ ಸಲೀಸಾಗಿ ಹೋಗುವಂತಿದ್ದರೆ ಅದು ಎಲ್‌ಪಿಜಿಯ ಜೆಟ್ ಅಲ್ಲ ಎಂದು ನಿಶ್ಚಯಿಸಬಹುದು. ಕಿಲುಬು ತೆಗೆಯಲು ನಮ್ಮ ಮನೆಗಳಲ್ಲಿ ಸೀಮೆಎಣ್ಣೆ ಸ್ಟೋವ್ ಕಾಲದಿಂದ ಉಳಿದಿರುವ ಸ್ಟೋವ್ ಪಿನ್ನನ್ನು ಬಳಸುವ ರೂಢಿಯಿದೆ. ಅದನ್ನು ಹಗುರವಾಗಿ, ಒಮ್ಮೆ ಮಾತ್ರ ಹಾಯಿಸಬೇಕು. ಹಿತ್ತಾಳೆ ಮೆದು ಲೋಹ, ಉಕ್ಕಿನ ಪಿನ್ನನ್ನು ತಿಕ್ಕಿ ತಿರುವಿದರೆ ತೂತು ಅಗಲವಾಗಿ ರೋಗ ಹೆಚ್ಚುತ್ತದೆ. ಬಿಸಿ ಸಾಬೂನು ನೀರಿನಲ್ಲಿ ನೆನೆಸಿ ಗಾಳಿ ಊದುವುದು ಅದಕ್ಕಿಂತ ಮೇಲು.

ಅಗಲವಾದ ತೂತನ್ನು ಕಿರಿದು ಮಾಡಲು ಬರುವುದಿಲ್ಲ, ಜೆಟ್ಟನ್ನೇ ಬದಲಾಯಿಸಬೇಕು. ವಿಜ್ಞಾನ ಉಪಕರಣಗಳ ಅಂಗಡಿಯಲ್ಲಿ ‘ಎಲ್‌ಪಿಜಿ ಬರ್ನರ್’ ಎಂದೇ ಕೇಳಿದರೆ ಸಣ್ಣ ಜೆಟ್ಟಿನ ಬರ್ನರ್ ಸಿಗುತ್ತದೆ. ಕೆಲವು ಮಾದರಿಗಳಿಗೆ ಜೆಟ್ ಮಾತ್ರವೂ ಬಿಡಿಯಾಗಿ ದೊರೆಯುತ್ತದೆ. ಬೆಳಗಾವಿಯ ಉದ್ಯಮಬಾಗದಂಥ ಕಡೆ ಲೇಥ್ ಕೆಲಸದಲ್ಲಿ ಪಳಗಿದವರು ಬೇಕಾದಷ್ಟಿದ್ದಾರೆ, ಹಿತ್ತಾಳೆಯ ಜೆಟ್ ತಿರುವಿ ಕೊಡುವುದು ಅವರಿಗೆ ದೊಡ್ಡ ಮಾತಲ್ಲ. ಆದರೂ ನನ್ನ ಸಲಹೆ ಕೇಳಿದರೆ, ಎಂಟರ ಪೈಕಿ ತಿರುಪಿನ ಎಳೆಗಳು ಸವೆಯದ, ಬುಡ ಅಲ್ಲಾಡದ ಬರ್ನರ್‌ಗಳಿಗೆ ಮಾತ್ರ ಹೊಸ ಜೆಟ್ ಹಾಕಿಸಿ, ಉಳಿದವುಗಳನ್ನು ಬಿಚ್ಚಿ ಮಕ್ಕಳಿಗೆ ಒಳಭಾಗ ತೋರಿಸುವ ಮಾದರಿಗಳನ್ನಾಗಿ ಮಾಡಿಕೊಳ್ಳಿ. ಎಳೆ ಸವೆದ ಬರ್ನರಿಗೆ ಹೊಸ ಜೆಟ್ ಹಾಕಿದರೆ ಅನಿಲ ಪಕ್ಕದಿಂದ ಸೋರುತ್ತದೆ. ಜೆಟ್ ಬದಲಾದ ಮೇಲೆ ಮೊದಲ ಪರೀಕ್ಷೆಯನ್ನು ಮಕ್ಕಳಿಲ್ಲದಾಗ, ಹೊರಾಂಗಣದ ನೆರಳಿನಲ್ಲಿ ಮಾಡಿ. ಕಿಂಡಿ ತೆರೆಯುತ್ತಾ ಹೋದಂತೆ ಹಳದಿ ತುದಿ ಮಾಯವಾಗಿ ನೀಲಿ ಒಳಶಂಕು ಮೂಡಬೇಕು. ಪೂರ್ತಿ ತೆರೆದಾಗ ಜ್ವಾಲೆ ಬಾಯಿಯಿಂದ ಮೇಲಕ್ಕೆದ್ದು ತೇಲಾಡಿದರೆ ಗಾಳಿ ಹೆಚ್ಚಾಗಿದೆ ಎಂದು ತಿಳಿದು ಪಟ್ಟಿಯನ್ನು ತುಸು ಮುಚ್ಚಿದರಾಯಿತು.

ಸಿಲಿಂಡರ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಿನವನು. ಬಿಸಿಯೂಟದ ಸಂಪರ್ಕ ಅಡುಗೆಗೆಂದು ಕೊಟ್ಟದ್ದು. ಅದನ್ನು ಆಚೀಚೆ ಸಾಗಿಸುತ್ತಾ ರೆಗ್ಯುಲೇಟರ್ ಕಳಚಿ ಜೋಡಿಸುತ್ತಾ ಇರುವುದು ಲೆಕ್ಕಕ್ಕೂ ಸರಿಯಲ್ಲ, ಸುರಕ್ಷತೆಗೂ ಸರಿಯಲ್ಲ. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ಮನೆಯ ಅಡುಗೆಯಲ್ಲದ ಕೆಲಸಕ್ಕೆ ಬಳಸಲು ನಿಯಮದಲ್ಲಿ ಅವಕಾಶವಿಲ್ಲ. ಶಾಲೆಯ ಹೆಸರಿನಲ್ಲಿಯೇ 19 ಕಿಲೋದ ಸಂಪರ್ಕ ಪಡೆಯುವುದು ನೇರವಾದ ದಾರಿ. ಹಾಗೆ ಪಡೆಯುವಾಗ ಒಂದು ಎಚ್ಚರ ಬೇಕು: ಹೋಟೆಲಿನ ಭಟ್ಟಿಗಳಿಗೆ ಹಾಕುವ, ತಿರುಗಿಸಿ ಒತ್ತಡ ಏರಿಸುವ ಹೈಪ್ರೆಶರ್ ರೆಗ್ಯುಲೇಟರನ್ನು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಸರಿಯಾದ ಜೆಟ್ ಇದ್ದರೂ ಆ ಒತ್ತಡದಲ್ಲಿ ಬರ್ನರ್ ನಿಲ್ಲುವುದಿಲ್ಲ.

ಎಲ್‌ಪಿಜಿ ಗಾಳಿಗಿಂತ ಭಾರ. ಪ್ರೊಪೇನ್ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು. ಸೋರಿದ ಅನಿಲ ಮೇಲಿನ ವೆಂಟಿಲೇಟರಿನಿಂದ ಹೊರಹೋಗುವುದಿಲ್ಲ, ನೆಲದ ಮೇಲೆ ಹರಡಿ ಮೇಜಿನ ಕೆಳಗೆ, ಚರಂಡಿಯ ತೂತಿನಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಎರಡು ಪಾಲು ಮುಟ್ಟಿದರೆ ಸಾಕು, ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರ್ ಕೋಣೆಯ ಹೊರಗೆ, ನೆಲಮಟ್ಟದಲ್ಲಿ, ನೆಟ್ಟಗೆ ನಿಂತಿರಬೇಕು. ಅದರ ಬಳಿ ಚರಂಡಿಯಾಗಲಿ ತಗ್ಗಾಗಲಿ ಇರಬಾರದು. ನಮ್ಮ ಕಡೆಯ ಬಿಸಿಲು ಗೊತ್ತಿದ್ದದ್ದೇ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ನೆರಳಿನ ಜಾಲರಿ ಗೂಡು ಕಟ್ಟಿಸಿ ಬೀಗ ಹಾಕಿ. ಅಲ್ಲಿಂದ ಲೋಹದ ಕೊಳವೆಯಲ್ಲಿ ಅನಿಲವನ್ನು ಒಳಗೆ ತಂದು, ಶಿಕ್ಷಕರ ಕೈಗೆಟಕುವ ಒಂದು ಮುಖ್ಯ ವಾಲ್ವ್ ಮತ್ತು ಪ್ರತಿ ಮೇಜಿಗೆ ಒಂದು ಟ್ಯಾಪ್ ಇಡಿಸಬೇಕು. ಇದನ್ನು ಅನಿಲ ಕಂಪನಿ ಒಪ್ಪಿದ ಕೆಲಸಗಾರರೇ ಮಾಡಬೇಕು, ನಳದ ಕೆಲಸದವರಲ್ಲ.

ಮೇಜಿನಿಂದ ಬರ್ನರಿಗೆ ಹೋಗುವ ನಳಿಗೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಹಳೆಯ ಪ್ರಯೋಗಶಾಲೆಗಳ ಕೆಂಪು ರಬ್ಬರ್ ನಳಿಗೆ ಎಲ್‌ಪಿಜಿಗೆ ತಕ್ಕದ್ದಲ್ಲ. ಎಲ್‌ಪಿಜಿ ಸಹಜ ರಬ್ಬರನ್ನು ನಿಧಾನವಾಗಿ ಹಾಳುಮಾಡಿ ಬಿರುಕು ಬಿಡಿಸುತ್ತದೆ. ಕಾಲೇಜಿನವರು ಬರ್ನರ್ ಜೊತೆ ನಳಿಗೆಗಳನ್ನೂ ಕೊಟ್ಟಿದ್ದರೆ ಅವುಗಳನ್ನು ಕತ್ತರಿಸಿ ಎಸೆಯಿರಿ, ಮತ್ತೆ ಯಾರೂ ಬಳಸದಂತೆ. ಐಎಸ್‌ಐ ಗುರುತಿನ ಎಲ್‌ಪಿಜಿ ನಳಿಗೆಯನ್ನೇ ಕೊಂಡು, ಎರಡೂ ತುದಿಗೆ ಕ್ಲಿಪ್ ಹಾಕಿ, ಐದು ವರ್ಷಕ್ಕೊಮ್ಮೆ ಬದಲಾಯಿಸಿ. ಸೋರಿಕೆಯನ್ನು ಸಾಬೂನಿನ ನೊರೆಯಿಂದ ಪರೀಕ್ಷಿಸಬೇಕು. ಕಡ್ಡಿ ಗೀರಿ ನೋಡುವ ಹಿರಿಯರು ಇನ್ನೂ ಇದ್ದಾರೆ, ಅವರನ್ನು ಪ್ರಯೋಗಶಾಲೆಯಿಂದ ದೂರವಿಡಿ. ಎಲ್‌ಪಿಜಿಗೆ ಸ್ವಂತ ವಾಸನೆಯಿಲ್ಲ, ಸೋರಿಕೆ ತಿಳಿಯಲೆಂದೇ ಮರ್ಕಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ, ಫ್ಯಾನ್ ಮುಟ್ಟಬೇಡಿ. ಮುಖ್ಯ ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಿ. ಇದು ಎಲ್‌ಪಿಜಿ ಸೋರಿಕೆಗೆಂದೇ ಇರುವ ರಾಷ್ಟ್ರೀಯ ತುರ್ತು ಸಂಖ್ಯೆ.

ಸ್ಪಿರಿಟ್ ದೀಪಗಳಿಗೆ ಮರಳಬೇಕೇ ಎಂಬ ಪ್ರಶ್ನೆಗೆ ಉತ್ತರ ತಾವು ಏನು ಕಾಯಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಮೈಲುತುತ್ತದ ಹರಳಿನಿಂದ ನೀರು ಹೋಗಿ ನೀಲಿ ಬಿಳಿಯಾಗುವುದನ್ನು ತೋರಿಸಲು, ಪ್ರನಾಳದಲ್ಲಿ ಎಲೆಯನ್ನು ಮದ್ಯಸಾರದೊಡನೆ ಬಿಸಿನೀರಿನ ಬೀಕರಿನಲ್ಲಿಟ್ಟು ಕಾಯಿಸಲು, ಮೆಗ್ನೀಸಿಯಂ ಪಟ್ಟಿ ಹೊತ್ತಿಸಲು ಸ್ಪಿರಿಟ್ ದೀಪ ಸಾಕು. ಲೆಡ್ ನೈಟ್ರೇಟ್ ಒಡೆದು ಕಂದು ಹೊಗೆ ಬರುವುದು, ಫೆರಸ್ ಸಲ್ಫೇಟ್ ಹಸಿರಿನಿಂದ ಕೆಂಗಂದಾಗುವುದು, ಜ್ವಾಲಾ ಪರೀಕ್ಷೆ, ಗಾಜಿನ ಕಡ್ಡಿ ಬಗ್ಗಿಸುವುದು, ಇವುಗಳಿಗೆ ಬರ್ನರ್ ಬೇಕೇಬೇಕು. ಲೆಡ್ ನೈಟ್ರೇಟ್ ಪ್ರಯೋಗವನ್ನು ಕಿಟಕಿಯ ಬಳಿ, ತಾವೇ, ಒಂದು ಚಿಟಿಕೆಯಷ್ಟರಿಂದ ಮಾಡಿ ತೋರಿಸುವುದು ಒಳ್ಳೆಯದು; ಆ ಕಂದು ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಗಲಕೋಟೆ ಕಡೆಯ ಮಕ್ಕಳಿದ್ದರೆ ಲೋಕಾಪುರದ ಸುಣ್ಣದ ಕಲ್ಲಿನ ಚೂರೊಂದನ್ನು ತರಲು ಹೇಳಿ. ಸುಣ್ಣದ ಕಲ್ಲು ಒಡೆಯಲು 800 ಡಿಗ್ರಿಗೂ ಮಿಗಿಲಾದ ಶಾಖ ಬೇಕು. ತೆಳುವಾದ ಚೂರಿನ ಅಂಚನ್ನು ಒಳಶಂಕುವಿನ ತುದಿಯ ಮೇಲೆ ಬಹಳ ಹೊತ್ತು ಹಿಡಿದರೆ ಆ ಅಂಚು ಬೆಳ್ಳಗೆ ಬೆಳಗಿ ಸುಟ್ಟಸುಣ್ಣವಾಗುತ್ತದೆ, ತಣಿದ ಮೇಲೆ ಅದನ್ನು ನೀರಿನಿಂದ ಒದ್ದೆ ಮಾಡಿ, ಕ್ಷಾರವನ್ನು ಬಣ್ಣದಿಂದ ತೋರಿಸುವ ಫಿನಾಲ್ಫ್ತಲೀನ್ ಹನಿ ಬಿಟ್ಟರೆ ಗುಲಾಬಿಯಾಗುತ್ತದೆ. ಸ್ಪಿರಿಟ್ ದೀಪದ ಮೇಲೆ ಇದು ಆಗುವ ಕೆಲಸವಲ್ಲ.

ಸ್ಪಿರಿಟ್ ದೀಪವೇ ಸುರಕ್ಷಿತ ಎಂಬ ನಂಬಿಕೆಯನ್ನೂ ನಾನು ಒಪ್ಪುವುದಿಲ್ಲ. ಮದ್ಯಸಾರದ ಆವಿ ಹದಿಮೂರು ಹದಿನಾಲ್ಕು ಡಿಗ್ರಿಯಲ್ಲಿಯೇ ಹೊತ್ತಿಕೊಳ್ಳುವಷ್ಟಾಗುತ್ತದೆ; ವಿಜಯಪುರದ ಯಾವ ಮಧ್ಯಾಹ್ನವೂ ಅದಕ್ಕಿಂತ ತಣ್ಣಗಿರುವುದಿಲ್ಲ. ಉರಿಯುವ ಅಥವಾ ಈಗತಾನೆ ಆರಿಸಿದ ದೀಪಕ್ಕೆ ಸ್ಪಿರಿಟ್ ಸುರಿಯುವುದು, ಒಂದು ದೀಪವನ್ನು ಬಗ್ಗಿಸಿ ಇನ್ನೊಂದರಿಂದ ಹಚ್ಚುವುದು, ಇವೆರಡೂ ಅಪಾಯದ ಕೆಲಸಗಳು. ದೀಪವನ್ನು ಮೂರನೇ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು, ಊದಿ ಆರಿಸದೆ ಮುಚ್ಚಳ ಹಾಕಿಯೇ ಆರಿಸಬೇಕು, ಸ್ಪಿರಿಟ್ ಶೀಸೆಯನ್ನು ಕಪಾಟಿನಲ್ಲಿ ಬೀಗ ಹಾಕಿಡಬೇಕು. ಅಂದಹಾಗೆ, ಹಳೆಯ ಸಾಮಾನುಗಳ ಜೊತೆ ನಡುವೆ ಬಿಳಿ ಬಿಲ್ಲೆಯಿರುವ ತಂತಿಜಾಲರಿಗಳು ಬಂದಿದ್ದರೆ ಅವು ಕಲ್ನಾರಿನವು ಆಗಿರುವ ಸಂಭವ ಹೆಚ್ಚು. ಉದುರುವ ಕಲ್ನಾರಿನ ಎಳೆ ಉಸಿರಿಗೆ ಹೋಗಬಾರದು. ಅವುಗಳನ್ನು ಕೆರೆಯದೆ, ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಕ್ಕಕ್ಕಿಟ್ಟು, ಸೆರಾಮಿಕ್ ಬಿಲ್ಲೆಯ ಜಾಲರಿಗಳನ್ನು ತರಿಸಿಕೊಳ್ಳಿ.

ನೀರು 98 ಡಿಗ್ರಿಯಲ್ಲಿ ನಿಲ್ಲುವುದು ತಮ್ಮ ಊರಿನ ಎತ್ತರದಿಂದ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಎತ್ತರ ಏರಿದಂತೆ ವಾಯುಭಾರ ಕಡಿಮೆಯಾಗಿ, ಹೆಚ್ಚುಕಡಿಮೆ ಪ್ರತಿ 300 ಮೀಟರಿಗೆ ಒಂದು ಡಿಗ್ರಿಯಂತೆ ನೀರಿನ ಕುದಿಬಿಂದು ಇಳಿಯುತ್ತದೆ. ತಮ್ಮ ಥರ್ಮಾಮೀಟರ್ ತೋರಿಸುತ್ತಿರುವುದು ಸರಿಯಾದ ಉತ್ತರ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಅದು ತೊಂಬತ್ತೇಳೂವರೆಯ ಆಸುಪಾಸಿಗೆ ನಿಲ್ಲುತ್ತದೆ. ಬರ್ನರನ್ನು ಎಷ್ಟೇ ಜೋರು ಮಾಡಿದರೂ ನೀರು ಬೇಗ ಆವಿಯಾಗುತ್ತದೆಯೇ ಹೊರತು ಕುದಿಬಿಂದು ಏರುವುದಿಲ್ಲ. ಪಠ್ಯಪುಸ್ತಕದ 100 ಎಂಬ ಅಂಕಿಗೆ ಹೊಂದಿಸಲು ಮಕ್ಕಳು ದಾಖಲೆಯಲ್ಲಿ ಸುಳ್ಳು ಬರೆಯುವುದನ್ನು ತಡೆಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. 98 ಎಂದೇ ಬರೆಸಿ, ಕಾರಣವನ್ನೂ ಬರೆಸಿ.

ಖರ್ಚಿನ ಬಗ್ಗೆ ಮುಖ್ಯೋಪಾಧ್ಯಾಯರು ಕೇಳಿಯೇ ಕೇಳುತ್ತಾರೆ. ಒಂದು ಕಿಲೋವಾಟಿನ ಬರ್ನರ್ ಗಂಟೆಗೆ ಸುಮಾರು 80 ಗ್ರಾಂ ಎಲ್‌ಪಿಜಿ ಉರಿಸುತ್ತದೆ. ಎಂಟು ಬರ್ನರ್‌ಗಳು ಅರ್ಧ ಗಂಟೆ ಉರಿದರೂ ಮೂರನೇ ಒಂದು ಕಿಲೋ ದಾಟುವುದಿಲ್ಲ. ಒಂದು 19 ಕಿಲೋ ಸಿಲಿಂಡರ್ ಅಂಥ ಐವತ್ತಕ್ಕೂ ಹೆಚ್ಚು ತರಗತಿಗಳಿಗೆ ಬರುತ್ತದೆ. ನೀಲಿ ಜ್ವಾಲೆಯಲ್ಲಿ ಕಾಲು ಲೀಟರ್ ನೀರು ಮೂರು ನಾಲ್ಕು ನಿಮಿಷದಲ್ಲಿ ಕುದಿಯಬೇಕು. ಅದಕ್ಕಿಂತ ಬಹಳ ಹೊತ್ತು ಹಿಡಿದರೆ ಜೆಟ್ ಮತ್ತೆ ಕಟ್ಟಿದೆ ಎಂದು ತಿಳಿಯಿರಿ.

ಕೊನೆಯದಾಗಿ, ಬೆಳಗಾವಿ ನಗರದ ಕೆಲವು ಭಾಗಗಳಿಗೆ ಕೊಳವೆ ಅನಿಲ ಬಂದಿರುವುದರಿಂದ, ಅಲ್ಲಿನ ಶಾಲೆ ಕಾಲೇಜುಗಳಿಂದ ಬರ್ನರ್ ಪಡೆಯುವವರಿಗೂ, ಅಲ್ಲಿಗೆ ಕೊಡುವವರಿಗೂ ಇದೇ ತೊಂದರೆ ಎದುರಾಗಲಿದೆ. ನೈಸರ್ಗಿಕ ಅನಿಲದ ಬರ್ನರನ್ನು ಎಲ್‌ಪಿಜಿಗೆ ಜೋಡಿಸಿದರೆ ಮಸಿ ಬರುತ್ತದೆ. ಎಲ್‌ಪಿಜಿ ಬರ್ನರನ್ನು ನೈಸರ್ಗಿಕ ಅನಿಲಕ್ಕೆ ಜೋಡಿಸಿದರೆ ಜ್ವಾಲೆ ಸಣ್ಣದಾಗಿ, ಬಲವಿಲ್ಲದೆ, ಬಾಯಿಯಿಂದ ಎದ್ದು ಆರಿಹೋಗುತ್ತದೆ. ಹೊರನೋಟಕ್ಕೆ ಎರಡೂ ಒಂದೇ ಥರ ಇರುತ್ತವೆ. ಹೊಸ ಜೆಟ್ ಹಾಕಿಸಿದ ದಿನವೇ ಪ್ರತಿ ಬರ್ನರಿನ ಬುಡಕ್ಕೆ ಬಣ್ಣದಿಂದ ಒಂದು ಪಟ್ಟೆ ಎಳೆದು, ಆ ಬಣ್ಣ ಯಾವ ಅನಿಲದ್ದು ಎಂದು ಉಪಕರಣಗಳ ದಾಸ್ತಾನು ಪುಸ್ತಕದಲ್ಲಿ ಬರೆದಿಡಿ. ತಾವು ವರ್ಗವಾಗಿ ಹೋದ ಮೇಲೆ ಬರುವ ಶಿಕ್ಷಕರಿಗೆ ಬರ್ನರ್ ಬಿಚ್ಚಿ ನೋಡುವ ಕೆಲಸ ತಪ್ಪುತ್ತದೆ.